ಬೆಂಗಳೂರು, 1987: ಪದರಗಳ ನಡುವೆ ಹಾಯ್ದ ವಿದ್ಯುತ್ತು

1987ರ ಜನವರಿ ಆರಂಭದಲ್ಲಿ ಬೆಂಗಳೂರಿನಲ್ಲಿ ಭೌತವಿಜ್ಞಾನಿಗಳ ಒಂದು ಅಂತರರಾಷ್ಟ್ರೀಯ ಸಮ್ಮೇಳನ ಸೇರಿತ್ತು. ಗೊತ್ತುಮಾಡಿದ್ದ ವಿಷಯ ಬೇರೆ: ಕೆಲವು ಲೋಹಸಂಯುಕ್ತಗಳಲ್ಲಿ ಪರಮಾಣುವಿನ ವೇಲೆನ್ಸಿ ಒಂದು ಕಡೆ ನಿಲ್ಲದೆ ಹೊಯ್ದಾಡುತ್ತದಲ್ಲ, ಅದು. ಆದರೆ ಪ್ರಿನ್ಸ್‌ಟನ್ನಿನಿಂದ ಬಂದಿದ್ದ ಫಿಲಿಪ್ ಆಂಡರ್ಸನ್ ಅಲ್ಲಿ ಮಾತಾಡಿದ್ದು ಲ್ಯಾಂಥನಂ, ತಾಮ್ರ, ಆಮ್ಲಜನಕ ಸೇರಿದ ಒಂದು ಕಪ್ಪು ಪುಡಿಯ ಬಗ್ಗೆ. ಹಿಂದಿನ ವರ್ಷವಷ್ಟೇ ಜ್ಯೂರಿಕ್ ಬಳಿಯ ಐಬಿಎಂ ಪ್ರಯೋಗಾಲಯದಲ್ಲಿ ಬೆಡ್ನೋರ್ಜ್ ಮತ್ತು ಮ್ಯುಲ್ಲರ್ ಆ ಆಕ್ಸೈಡಿಗೆ ಬೇರಿಯಂ ಬೆರೆಸಿ ತಣಿಸಿದ್ದರು. ಸುಮಾರು 30 ಕೆಲ್ವಿನ್‌ಗೆ, ಅಂದರೆ ಸೊನ್ನೆಗಿಂತ 243 ಡಿಗ್ರಿ ಸೆಲ್ಸಿಯಸ್ ಕೆಳಗೆ ಬಂದಾಗ, ವಿದ್ಯುತ್ತಿಗೆ ಅದು ಒಡ್ಡುತ್ತಿದ್ದ ತಡೆ ಕುಸಿಯತೊಡಗಿತ್ತು. ತಡೆಯೇ ಇಲ್ಲದೆ ವಿದ್ಯುತ್ತು ಹರಿಯುವ ಈ ಸ್ಥಿತಿಗೆ ಅತಿವಾಹಕತೆ ಎನ್ನುತ್ತಾರೆ. ಲೈಡನ್ನಿನಲ್ಲಿ ಕಾಮರ್ಲಿಂಗ್ ಓನ್ನೆಸ್ 1911ರಲ್ಲಿ ಪಾದರಸದಲ್ಲಿ ಅದನ್ನು ಮೊದಲು ಕಂಡದ್ದು ಸುಮಾರು 4 ಕೆಲ್ವಿನ್ನಿನಲ್ಲಿ. ಅಲ್ಲಿಂದ 75 ವರ್ಷ ಲೋಹ, ಮಿಶ್ರಲೋಹಗಳನ್ನೆಲ್ಲ ಜಾಲಾಡಿದರೂ ಯಾರಿಗೂ 23 ಕೆಲ್ವಿನ್ ದಾಟಲು ಆಗಿರಲಿಲ್ಲ. ಈಗ ದಾಟಿದ್ದು ಲೋಹವೇ ಅಲ್ಲದ, ಸುಟ್ಟ ಮಣ್ಣಿನ ಜಾತಿಯ ವಸ್ತು.

ಅದು ಹೇಗೆ ಸಾಧ್ಯ ಎಂಬುದಕ್ಕೆ ಆಂಡರ್ಸನ್ ಬೆಂಗಳೂರಿನಲ್ಲಿ ಒಂದು ಉತ್ತರ ಮುಂದಿಟ್ಟರು. ಈ ಆಕ್ಸೈಡಿನಲ್ಲಿ ಪ್ರತಿ ತಾಮ್ರದ ಪರಮಾಣುವಿನ ಬಳಿ ಜೊತೆಯಿಲ್ಲದ ಒಂದು ಎಲೆಕ್ಟ್ರಾನು ಇರುತ್ತದೆ. ಪರಸ್ಪರ ವಿಕರ್ಷಣೆ ಎಷ್ಟು ಬಲವೆಂದರೆ ಯಾವುದೂ ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಆದರೆ ನೆರೆಯ ಎಲೆಕ್ಟ್ರಾನುಗಳ ಸ್ಪಿನ್ನುಗಳು ಎರಡೆರಡಾಗಿ ಜೋಡಿಯಾಗುತ್ತವೆ, ಆ ಜೋಡಿಗಳೂ ಕ್ಷಣಕ್ಷಣಕ್ಕೆ ಬದಲಾಗುತ್ತವೆ. ಬೆಂಜೀನ್ ಅಣುವಿಗೆ ಪೌಲಿಂಗ್ ಕೊಟ್ಟಿದ್ದ ಅನುರಣನದ ಚಿತ್ರವನ್ನೇ ಆಂಡರ್ಸನ್ ಇಡೀ ಹರಳಿಗೆ ಹಿಗ್ಗಿಸಿದ್ದರು. ಬೇರಿಯಂ ಬೆರೆಸಿ ಕೆಲವು ಎಲೆಕ್ಟ್ರಾನುಗಳನ್ನು ತೆಗೆದರೆ ಖಾಲಿ ಜಾಗ ಸಿಕ್ಕಿ ಜೋಡಿಗಳು ಹರಿಯತೊಡಗುತ್ತವೆ. ಅದೇ ಅತಿವಾಹಕತೆ ಎಂಬುದು ಅವರ ವಾದ. ಮಾರ್ಚ್ 6ರ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಮುಗಿಸಿ ಆಗ ಪ್ರಿನ್ಸ್‌ಟನ್ನಿನಲ್ಲಿದ್ದ ಜಿ. ಭಾಸ್ಕರನ್, ಆಂಡರ್ಸನ್ ಜೊತೆಗೂಡಿ ಆ ಸಿದ್ಧಾಂತವನ್ನು ಅದೇ ವರ್ಷ ಮುಂದಕ್ಕೆ ಒಯ್ದರು.

ಆ ಭಾಷಣದಲ್ಲಿ ಒಂದು ಪ್ರಶ್ನೆ ಉತ್ತರ ಕಾಣದೆ ಉಳಿದಿತ್ತು. ತಾಮ್ರ ಮತ್ತು ಆಮ್ಲಜನಕ ಈ ಹರಳಿನೊಳಗೆ ಎಲ್ಲೆಂದರಲ್ಲಿ ಹರಡಿಕೊಂಡಿಲ್ಲ. ಎರಡೂ ಸೇರಿ ಒಂದೇ ಪರಮಾಣುವಿನ ದಪ್ಪದ ಹಾಳೆಗಳಾಗಿ ಮಲಗಿವೆ. ಹಾಳೆ ಹಾಳೆಗಳ ನಡುವೆ ಲ್ಯಾಂಥನಂ ಆಕ್ಸೈಡಿನ ಅವಾಹಕ ಪದರ. ಹಾಳೆಯೊಳಗೆ ಜೋಡಿಗಳು ಹರಿಯುತ್ತವೆ, ಸರಿ. ಒಂದು ಹಾಳೆಯಿಂದ ಮುಂದಿನ ಹಾಳೆಗೆ ಅವು ದಾಟುವುದು ಹೇಗೆ? ಮುಂದಿನ ಹತ್ತು ವರ್ಷ ಆಂಡರ್ಸನ್ನರನ್ನು ಕಾಡಿದ್ದು ಇದೇ ಪ್ರಶ್ನೆ. ಅದಕ್ಕೆ ಬೇಕಾದ ಸಲಕರಣೆಯನ್ನು ಅವರಿಗೆ ಕೊಟ್ಟವನು 25 ವರ್ಷ ಹಿಂದೆ ಅವರದೇ ತರಗತಿಯಲ್ಲಿ ಕುಳಿತಿದ್ದ ಒಬ್ಬ ಹುಡುಗ.

1961–62ರಲ್ಲಿ ಆಂಡರ್ಸನ್ ಬೆಲ್ ಪ್ರಯೋಗಾಲಯದಿಂದ ರಜೆ ಪಡೆದು ಕೇಂಬ್ರಿಡ್ಜಿನಲ್ಲಿ ಪಾಠ ಹೇಳಿದರು. ಆ ಪಾಠ ಕೇಳಿದವರಲ್ಲಿ ಕಾರ್ಡಿಫ್‌ನಿಂದ ಬಂದ ಬ್ರಯನ್ ಜೋಸೆಫ್ಸನ್ ಎಂಬ ಸಂಶೋಧನ ವಿದ್ಯಾರ್ಥಿಯೂ ಇದ್ದ. ಅವನಿದ್ದ ತರಗತಿಯಲ್ಲಿ ಮೇಷ್ಟ್ರು ಒಂದು ಹೆಜ್ಜೆ ತಪ್ಪುವಂತಿರಲಿಲ್ಲ. ಪಾಠ ಮುಗಿದ ಮೇಲೆ ಬಂದು ಸರಿ ಯಾವುದೆಂದು ಮೆಲ್ಲಗೆ ವಿವರಿಸುತ್ತಿದ್ದ ಎಂದು ಆಂಡರ್ಸನ್ ಮುಂದೆ ನೆನೆದು ಬರೆದಿದ್ದಾರೆ. ಅತಿವಾಹಕದಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗಿ, ಅಷ್ಟೂ ಜೋಡಿಗಳು ಸೇರಿ ಒಂದೇ ಅಲೆಯಂತೆ ವರ್ತಿಸುತ್ತವೆ ಎಂಬ ತಿಳಿವಳಿಕೆ 1957ರಿಂದ ಬೇರೂರುತ್ತಿತ್ತು. ಅಲೆ ಎಂದ ಮೇಲೆ ಅದಕ್ಕೊಂದು ಪ್ರಾವಸ್ಥೆ ಇರಬೇಕು, ಅಂದರೆ ಏರಿಳಿತದ ಯಾವ ಘಟ್ಟದಲ್ಲಿದೆ ಎಂಬ ಲೆಕ್ಕ. ಆ ಪ್ರಾವಸ್ಥೆಯನ್ನು ಅಳೆಯಲು ಆದೀತೇ ಎಂಬುದು ಜೋಸೆಫ್ಸನ್‌ನನ್ನು ಹಿಡಿದ ಪ್ರಶ್ನೆ.

ಉತ್ತರ 1962ರ ‘ಫಿಸಿಕ್ಸ್ ಲೆಟರ್ಸ್’ ಪತ್ರಿಕೆಯಲ್ಲಿ ಪುಟ್ಟ ಲೇಖನವಾಗಿ ಬಂತು. ಆಗ ಅವನಿಗೆ 22 ವರ್ಷ. ಎರಡು ಅತಿವಾಹಕಗಳ ನಡುವೆ ಒಂದೆರಡು ನ್ಯಾನೋಮೀಟರ್ ದಪ್ಪದ ಅವಾಹಕ ಪೊರೆ ಇಟ್ಟರೆ, ಎಲೆಕ್ಟ್ರಾನು ಜೋಡಿಗಳು ಆ ಪೊರೆಯನ್ನು ತೂರಿ ಆಚೆ ಹಾಯುತ್ತವೆ. ವೋಲ್ಟೇಜು ಸೊನ್ನೆಯಿದ್ದರೂ ವಿದ್ಯುತ್ತು ಹರಿಯುತ್ತದೆ. ಎಷ್ಟು ಹರಿಯಬೇಕೆಂದು ತೀರ್ಮಾನಿಸುವುದು ಎರಡು ಕಡೆಯ ಪ್ರಾವಸ್ಥೆಗಳ ನಡುವಿನ ಅಂತರ. ವೋಲ್ಟೇಜು ಕೊಟ್ಟರೆ ಇನ್ನೂ ವಿಚಿತ್ರ. ಒಂದು ದಿಕ್ಕಿಗೆ ಹರಿಯಬೇಕಾದ ವಿದ್ಯುತ್ತು ಹಿಂದುಮುಂದು ಕಂಪಿಸತೊಡಗುತ್ತದೆ. ಒಂದು ವೋಲ್ಟಿನ ಹತ್ತು ಲಕ್ಷದ ಒಂದು ಭಾಗಕ್ಕೆ ಸೆಕೆಂಡಿಗೆ 48 ಕೋಟಿಗೂ ಮಿಕ್ಕಿ ಕಂಪನ. ಆ ಅನುಪಾತ ಯಾವ ಲೋಹ, ಎಷ್ಟು ದಪ್ಪ, ಯಾರ ಕೈಯಲ್ಲಿ ತಯಾರಾದದ್ದು ಎಂಬುದನ್ನು ಲೆಕ್ಕಿಸದು. ಲೋಕದ ವೋಲ್ಟನ್ನು 1990ರಿಂದ ಅಳೆಯುತ್ತಿರುವುದು ಅದರಿಂದಲೇ.

ಅತಿವಾಹಕತೆಯ ಸಿದ್ಧಾಂತವನ್ನೇ ಕಟ್ಟಿದ್ದ ಜಾನ್ ಬಾರ್ಡೀನ್ ಇದನ್ನು ಒಪ್ಪಲಿಲ್ಲ. ಅಷ್ಟರಲ್ಲಾಗಲೇ ಅವರು ಒಂದು ನೊಬೆಲ್ ಪಡೆದವರು. 1962ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಸಮ್ಮೇಳನದಲ್ಲಿ ಇಬ್ಬರೂ ಎದುರಾದರು. ಹಿರಿಯರು ಹೀಗಾಗದು ಎಂದರು. ಹುಡುಗ ಲೆಕ್ಕ ಬಿಟ್ಟುಕೊಡಲಿಲ್ಲ. ಜಗಳ ಬಿಡಿಸಿದ್ದು ಪ್ರಯೋಗ. ಬೆಲ್ ಪ್ರಯೋಗಾಲಯಕ್ಕೆ ಮರಳಿದ ಆಂಡರ್ಸನ್, ಜಾನ್ ರೋವೆಲ್ ಜೊತೆ ಸೇರಿ ತವರ ಮತ್ತು ಸೀಸದ ನಡುವೆ ತೆಳುಪೊರೆ ಇಟ್ಟು ತಣಿಸಿ ನೋಡಿದರು. ಕಾಂತಕ್ಷೇತ್ರ ಎಷ್ಟು ಸೂಕ್ಷ್ಮವಾಗಿ ಬದಲಾದರೂ ಆ ವಿದ್ಯುತ್ತು ನಡುಗುತ್ತಿತ್ತು. ಭೂಮಿಯ ಕಾಂತಕ್ಷೇತ್ರವನ್ನೂ ಲೆಕ್ಕಕ್ಕೆ ಹಿಡಿಯಬೇಕಾಯಿತು. ಫಲಿತಾಂಶ 1963ರಲ್ಲಿ ಪ್ರಕಟವಾಯಿತು. ಮರುವರ್ಷ, ಈಗ ಜೋಸೆಫ್ಸನ್ ಸಂಧಿ ಎನ್ನುವ ಅಂಥ ಎರಡು ಜೋಡಣೆಗಳನ್ನು ಒಂದು ಉಂಗುರದಲ್ಲಿ ಕೂರಿಸಿ, ಕಾಂತಕ್ಷೇತ್ರದ ಅತಿ ಸಣ್ಣ ಬದಲಾವಣೆಯನ್ನೂ ಹಿಡಿಯುವ ಸ್ಕ್ವಿಡ್ ಎಂಬ ಉಪಕರಣವನ್ನು ಫೋರ್ಡ್ ಕಂಪನಿಯ ಪ್ರಯೋಗಾಲಯದವರು ಮಾಡಿದರು. ಜೋಸೆಫ್ಸನ್‌ಗೆ 1973ರಲ್ಲಿ ನೊಬೆಲ್ ಬಂತು.

ಕೇಂಬ್ರಿಡ್ಜಿನ ಮಾತು ಅಲ್ಲಿಗೆ ಬಿಟ್ಟು ಬೆಂಗಳೂರಿಗೆ ಬರೋಣ. ಬಸವನಗುಡಿಯಲ್ಲಿ ಬೆಳೆದು, ಆಚಾರ್ಯ ಪಾಠಶಾಲೆಯಲ್ಲೂ ಸೆಂಟ್ರಲ್ ಕಾಲೇಜಿನಲ್ಲೂ ಓದಿದ ಸಿ.ಎನ್.ಆರ್. ರಾವ್ ಅಮೆರಿಕದಲ್ಲಿ ಡಾಕ್ಟರೇಟ್ ಮುಗಿಸಿ ಬಂದು 1963ರಿಂದ ಕಾನ್ಪುರದ ಐಐಟಿಯಲ್ಲಿದ್ದರು. ಲೋಹದ ಆಕ್ಸೈಡುಗಳನ್ನು ಒಂದೊಂದಾಗಿ ತಯಾರಿಸಿ, ಅವುಗಳ ರಚನೆ, ವಿದ್ಯುತ್ತು, ಕಾಂತಗುಣ ಅಳೆದು ಇಡುವುದು ಅವರ ಕೆಲಸ. ಜಗತ್ತಿನ ಗಮನ ಆ ಕಡೆ ಇರಲಿಲ್ಲ. 1973ರಲ್ಲಿ ಪಿ. ಗಂಗೂಲಿಯವರೊಂದಿಗೆ ಅವರು ಪದರ ರಚನೆಯ ಆಕ್ಸೈಡುಗಳಲ್ಲಿ ವಿದ್ಯುತ್ತು ಹೇಗೆ ಹರಿಯುತ್ತದೆ ಎಂದು ಬರೆದರು. ಲ್ಯಾಂಥನಂ ತಾಮ್ರದ ಆಕ್ಸೈಡು ಇದೇ ಕುಟುಂಬಕ್ಕೆ ಸೇರಿದ್ದು. 1976ರಲ್ಲಿ ರಾವ್ ಬೆಂಗಳೂರಿಗೆ ಬಂದು, ಊರಿನವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಘನಸ್ಥಿತಿ ರಸಾಯನಶಾಸ್ತ್ರದ ವಿಭಾಗ ಕಟ್ಟಿದರು. 1984ರಲ್ಲಿ ಗಂಗೂಲಿ ಮತ್ತು ರಾವ್ ಈ ಪದರ ಆಕ್ಸೈಡುಗಳ ಹರಳಿನ ರಚನೆ, ಕಾಂತಗುಣಗಳ ಬಗ್ಗೆ ವಿವರವಾದ ಸಮೀಕ್ಷೆಯನ್ನೇ ಪ್ರಕಟಿಸಿದರು. ಜ್ಯೂರಿಕ್‌ನ ಸುದ್ದಿ ಬರಲು ಇನ್ನೂ ಎರಡು ವರ್ಷವಿತ್ತು.

ಆದ್ದರಿಂದಲೇ ‘ಕೈತಪ್ಪಿದ ನೊಬೆಲ್’ ಎಂಬ ಮಾತು ಬೆಂಗಳೂರಿನಲ್ಲಿ ಆಗಾಗ ಕೇಳಿಬರುತ್ತದೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಫ್ರಾನ್ಸಿನ ಕಾನ್ ಊರಿನಲ್ಲಿ ಮಿಶೆಲ್ ಮತ್ತು ರಾವೋ ಬೇರಿಯಂ ಬೆರೆಸಿದ ಲ್ಯಾಂಥನಂ ತಾಮ್ರದ ಆಕ್ಸೈಡನ್ನೇ ತಯಾರಿಸಿ, ಅದು ಲೋಹದಂತೆ ವಿದ್ಯುತ್ತು ಒಯ್ಯುತ್ತದೆ ಎಂದು 1985ರಲ್ಲಿ ಬರೆದಿದ್ದರು. ಬೆಡ್ನೋರ್ಜ್ ಓದಿದ್ದು ಆ ಲೇಖನವನ್ನೇ. ಆ ಫ್ರೆಂಚರೂ ಅತಿವಾಹಕತೆಯನ್ನು ಹುಡುಕಿರಲಿಲ್ಲ. ರಸಾಯನಶಾಸ್ತ್ರಜ್ಞರು ಕೇಳುತ್ತಿದ್ದ ಪ್ರಶ್ನೆ ಬೇರೆ: ಈ ವಸ್ತು ಯಾವಾಗ ಲೋಹದಂತೆ, ಯಾವಾಗ ಅವಾಹಕದಂತೆ ನಡೆದುಕೊಳ್ಳುತ್ತದೆ? ಆ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಸರಿಯಾಗಿಯೇ ಇತ್ತು. ಆಕ್ಸೈಡಿನಲ್ಲಿ ಅತಿವಾಹಕತೆ ಸಿಗಬಹುದೆಂದು ವರ್ಷಗಟ್ಟಲೆ ಪಟ್ಟು ಹಿಡಿದು ಹುಡುಕಿದವರು ಮ್ಯುಲ್ಲರ್ ಮತ್ತು ಬೆಡ್ನೋರ್ಜ್; 1987ರ ನೊಬೆಲ್ ಅವರಿಗೆ ನ್ಯಾಯವಾಗಿಯೇ ಸಂದಿತು. ಬೆಂಗಳೂರಿನ ನಿಜವಾದ ಹಿರಿಮೆ ಬೇರೆ ಕಡೆ ಇದೆ. ಸುದ್ದಿ ಬಂದ ದಿನ ಈ ಹರಳುಗಳ ಒಳಗು ಬಲ್ಲವರು ಜಗತ್ತಿನಲ್ಲೇ ಕೆಲವರಿದ್ದರು, ಅವರಲ್ಲಿ ಕೆಲವರು ಇಲ್ಲಿದ್ದರು. ಅದರ ಬೆಲೆ ಗೊತ್ತಾಗಲು ಮೂರು ತಿಂಗಳೂ ಹಿಡಿಯಲಿಲ್ಲ.

ಆಂಡರ್ಸನ್ ಬೆಂಗಳೂರಿನಿಂದ ಹೋದ ಕೆಲವೇ ವಾರಗಳಲ್ಲಿ, ಜನವರಿ 29ರಂದು, ಅಮೆರಿಕದ ಅಲಬಾಮಾದಲ್ಲಿ ಎಂ.ಕೆ. ವೂ ಮತ್ತವರ ಸಂಗಡಿಗರು ಲ್ಯಾಂಥನಂ ಬದಲು ಯಿಟ್ರಿಯಂ ಹಾಕಿದ ಒಂದು ಬಿಲ್ಲೆಯನ್ನು ತಣಿಸಿ ನೋಡಿದರು. 90 ಕೆಲ್ವಿನ್ ಆಸುಪಾಸಿನಲ್ಲೇ ತಡೆ ಕುಸಿಯಿತು. ವೂ ಅವರ ಗುರು, ಹ್ಯೂಸ್ಟನ್ನಿನ ಪಾಲ್ ಚು, ಇದನ್ನು ಫೆಬ್ರವರಿಯಲ್ಲಿ ಘೋಷಿಸಿದರಾದರೂ ವಸ್ತು ಯಾವುದೆಂದು ಹೇಳಲಿಲ್ಲ. ಪತ್ರಿಕೆಗೆ ಕಳಿಸಿದ ಹಸ್ತಪ್ರತಿಯಲ್ಲಿ ಯಿಟ್ರಿಯಂ ಇರಬೇಕಾದಲ್ಲಿ ಯಿಟರ್ಬಿಯಂನ ಸಂಕೇತವಿತ್ತು. ಅಚ್ಚಿಗೆ ಹೋಗುವ ಮುನ್ನ ಅದನ್ನು ತಿದ್ದಿದರು. ಮಾರ್ಚ್ 2ರಂದು ಲೇಖನ ಹೊರಬಂದ ಮೇಲೂ ಒಂದು ಒಗಟು ಉಳಿದಿತ್ತು. ಆ ಬಿಲ್ಲೆಯಲ್ಲಿ ಒಂದೇ ವಸ್ತು ಇರಲಿಲ್ಲ. ಮುರಿದು ನೋಡಿದರೆ ಒಳಗೆ ಹಸಿರು ಕಣ, ಕಪ್ಪು ಕಣ ಬೆರೆತಿದ್ದವು. ಅತಿವಾಹಕ ಯಾವುದು, ಹಸಿರೋ ಕಪ್ಪೋ? ಅದರ ರಾಸಾಯನಿಕ ಸೂತ್ರವೇನು? ಅದು ಗೊತ್ತಾಗದೆ ಮುಂದಿನ ಯಾವ ಕೆಲಸವೂ ನೆಟ್ಟಗೆ ನಡೆಯುವಂತಿರಲಿಲ್ಲ.

ಇದು ರಾವ್ ಅವರ ಬಳಗದ ಮನೆಯಂಗಳದ ಪ್ರಶ್ನೆ. ಯಿಟ್ರಿಯಂ ಆಕ್ಸೈಡು, ಬೇರಿಯಂ ಕಾರ್ಬೊನೇಟು, ತಾಮ್ರದ ಆಕ್ಸೈಡು ಮೂರನ್ನೂ ತೂಗಿ, ಅಗೇಟ್ ಕಲ್ಲಿನ ಒರಳಿನಲ್ಲಿ ಅರೆದು, 900 ಡಿಗ್ರಿಗೂ ಮೇಲಿನ ಕುಲುಮೆಯಲ್ಲಿ ಗಂಟೆಗಟ್ಟಲೆ ಸುಡಬೇಕು. ಹೊರತೆಗೆದು ಮತ್ತೆ ಅರೆದು, ಒತ್ತಿ ಬಿಲ್ಲೆ ಮಾಡಿ, ಆಮ್ಲಜನಕ ಹಾಯಿಸುತ್ತ ನಿಧಾನವಾಗಿ ಆರಿಸಬೇಕು. ಅವಸರದಲ್ಲಿ ಆರಿಸಿದರೆ ಆಮ್ಲಜನಕ ಸಾಕಷ್ಟು ಸೇರದೆ ಅತಿವಾಹಕತೆಯೇ ಹೋಗಿಬಿಡುತ್ತದೆ. ಕುಲುಮೆ, ಒರಳು, ಎಕ್ಸ್-ಕಿರಣದ ಚಿತ್ರ ಓದುವ ಕಣ್ಣು, ಈ ಮೂರೂ ಪಳಗಿದವರಿಗೆ ಇದು ಹೊಸ ಕೆಲಸವೇನಲ್ಲ. ರಾವ್, ಗಂಗೂಲಿ, ಭೌತಶಾಸ್ತ್ರ ವಿಭಾಗದ ಎ.ಕೆ. ರಾಯಚೌಧುರಿ, ಆರ್.ಎ. ಮೋಹನ್ ರಾಮ್, ಕೆ. ಶ್ರೀಧರ್ ಸೇರಿ ಬರೆದ ಲೇಖನ ‘ನೇಚರ್’ ಪತ್ರಿಕೆಯ 326ನೇ ಸಂಪುಟದಲ್ಲಿ ಏಪ್ರಿಲ್ 30ರಂದು ಬಂತು. ಯಿಟ್ರಿಯಂ ಒಂದು, ಬೇರಿಯಂ ಎರಡು, ತಾಮ್ರ ಮೂರು: ಅತಿವಾಹಕ ಈ ಕಪ್ಪು ವಸ್ತು, ಹಸಿರು ಅಲ್ಲ. ಬೆಲ್, ಐಬಿಎಂ ಮುಂತಾದ ಕಡೆಯೂ ಅದೇ ವಾರಗಳಲ್ಲಿ ಅದೇ ಉತ್ತರಕ್ಕೆ ಬಂದವರಿದ್ದರು. ಆ ಓಟದಲ್ಲಿ ಬೆಂಗಳೂರು ಮುಂದಿನ ಸಾಲಿನಲ್ಲಿತ್ತು. ನ್ಯೂಯಾರ್ಕಿನ ಹಿಲ್ಟನ್ ಹೋಟೆಲಿನಲ್ಲಿ ಮಾರ್ಚ್ 18ರಂದು 51 ಭಾಷಣಗಳು ಬೆಳಗಿನ ಜಾವ ಮೂರರವರೆಗೆ ನಡೆದ ಕಾಲವದು.

ಜನ ಹಾಗೆ ಮುಗಿಬೀಳಲು ಕಾರಣ 77 ಎಂಬ ಸಂಖ್ಯೆ. ಅಲ್ಲಿಯವರೆಗೆ ಅತಿವಾಹಕತೆ ನೋಡಬೇಕೆಂದರೆ ದ್ರವ ಹೀಲಿಯಂ ಬೇಕಿತ್ತು. ಅದನ್ನು ತಯಾರಿಸುವ ಯಂತ್ರ ಭಾರತಕ್ಕೆ ಮೊದಲು ಬಂದದ್ದು 1952ರಲ್ಲಿ, ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ. ಆಮೇಲೂ ಹೀಲಿಯಂ ಇದ್ದ ಕಡೆಗಳು ಬೆರಳೆಣಿಕೆ. ಯಿಟ್ರಿಯಂ ಬಿಲ್ಲೆಗಾದರೆ 77 ಕೆಲ್ವಿನ್ನಿನಲ್ಲಿ ಕುದಿಯುವ ದ್ರವ ಸಾರಜನಕ ಸಾಕು. ಗಾಳಿಯನ್ನು ತಣಿಸಿ ಆಮ್ಲಜನಕ ಬೇರ್ಪಡಿಸುವ ಯಾವ ಕಾರ್ಖಾನೆಯಲ್ಲೂ ಸಾರಜನಕ ಜೊತೆಗೇ ಬರುತ್ತದೆ.  ಅಂಥ ಕಾರ್ಖಾನೆಯ ಸಾರಜನಕವನ್ನು ಥರ್ಮೋಫ್ಲಾಸ್ಕಿನಲ್ಲಿ ತಂದು, ಕಪ್ಪು ಬಿಲ್ಲೆಯ ಮೇಲೆ ಸುರಿದು, ಪುಟ್ಟ ಅಯಸ್ಕಾಂತವೊಂದು ಅದರ ಮೇಲೆ ಗಾಳಿಯಲ್ಲಿ ತೇಲುವುದನ್ನು ಕಾಲೇಜಿನ ಹುಡುಗರೂ ನೋಡುವಂತಾಯಿತು. ಹೀಲಿಯಂ ಇದ್ದವರ ಸ್ವತ್ತಾಗಿದ್ದ ವಿದ್ಯೆ ಸಾಮಾನ್ಯ ಪ್ರಯೋಗಾಲಯಕ್ಕೆ ಇಳಿಯಿತು. ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಸಂತೋಷ ಕೊಡುವ ಸಂಗತಿ ಇದು.

ಬಿಲ್ಲೆ ತೇಲಿಸಿತು ನಿಜ, ಆದರೆ ಹೆಚ್ಚು ವಿದ್ಯುತ್ತು ಹೊರಲಿಲ್ಲ. ಸ್ವಲ್ಪ ಹೆಚ್ಚಿಸಿದರೂ ತಡೆ ಕಾಣಿಸಿಕೊಳ್ಳುತ್ತಿತ್ತು. ಕಾರಣ ಅದರ ಒಳಗಿತ್ತು. ಸುಟ್ಟ ಬಿಲ್ಲೆ ಎಂದರೆ ಲಕ್ಷಾಂತರ ಸಣ್ಣ ಹರಳುಗಳು ಅಡ್ಡಾದಿಡ್ಡಿ ಒತ್ತಿಕೊಂಡದ್ದು. ಒಂದು ಕಣಕ್ಕೂ ಇನ್ನೊಂದಕ್ಕೂ ನಡುವಿನ ಗಡಿಯಲ್ಲಿ ಒಂದೆರಡು ನ್ಯಾನೋಮೀಟರ್ ಅಗಲದ ಕೆಟ್ಟ ಜಾಗ ಉಳಿಯುತ್ತದೆ. ಅದನ್ನು ಜೋಡಿಗಳು ತೂರಿ ಹಾಯಬೇಕು. ಅಂದರೆ ಯಾರೂ ಮಾಡದೆಯೇ ಬಿಲ್ಲೆಯ ತುಂಬ ಜೋಸೆಫ್ಸನ್ ಸಂಧಿಗಳು ಹುಟ್ಟಿಕೊಂಡಿದ್ದವು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರು 1987ರಲ್ಲೇ ಅಂಥ ಬಿಲ್ಲೆಯಲ್ಲಿ, 77 ಕೆಲ್ವಿನ್ನಿನಲ್ಲಿ, ಜೋಸೆಫ್ಸನ್ ಪರಿಣಾಮ ಕಂಡರು. ರೇಡಿಯೋ ಅಲೆ ಹಾಯಿಸಿದಾಗ ಬಿಲ್ಲೆಯ ಎರಡು ತುದಿಗಳ ನಡುವೆ ವೋಲ್ಟೇಜು ಹುಟ್ಟಿತ್ತು. ಅದನ್ನು ಅವರು ಪ್ರಕಟಿಸಿದ್ದು ಬೆಂಗಳೂರಿನಿಂದ ಹೊರಡುವ ‘ಪ್ರಮಾಣ’ ಪತ್ರಿಕೆಯಲ್ಲಿ. ಮರುವರ್ಷ ಐಬಿಎಂನಲ್ಲಿ, ಖರಗ್‌ಪುರದ ಐಐಟಿಯಲ್ಲಿ ಓದಿದ್ದ ಪ್ರವೀಣ್ ಚೌಧರಿ ಮತ್ತವರ ಸಂಗಡಿಗರು ಎರಡೇ ಹರಳು, ಒಂದೇ ಗಡಿ ಇರುವಂತೆ ತೆಳುಪೊರೆ ಬೆಳೆಸಿ ಅಳೆದರು. ಎರಡು ಹರಳುಗಳ ದಿಕ್ಕಿನ ನಡುವಿನ ಕೋನ ಹೆಚ್ಚಿದಷ್ಟೂ ಗಡಿ ದಾಟುವ ವಿದ್ಯುತ್ತು ಕುಸಿಯುತ್ತ ಹೋಯಿತು. ತಂತಿ ಮಾಡಬೇಕೆನ್ನುವವರಿಗೆ ಇದು ದೊಡ್ಡ ಪೆಟ್ಟು. ಸ್ಕ್ವಿಡ್ ಮಾಡಬೇಕೆನ್ನುವವರಿಗೆ ವರ: ಬೇಕಾದ ಕಡೆ ಬೇಕಾದ ಕೋನದ ಗಡಿ ಬೆಳೆಸಿದರೆ ಸಂಧಿ ತಾನಾಗಿ ಸಿಗುತ್ತದೆ. ಇದಕ್ಕೆ ಬೇಕಾದ ತೆಳುಪೊರೆಗಳನ್ನು ಲೇಸರ್ ಹೊಡೆದು ಬೆಳೆಸುವ ವಿದ್ಯೆಯಲ್ಲಿ ಅಮೆರಿಕದ ಬೆಲ್‌ಕೋರ್‌ನಲ್ಲಿದ್ದ ಟಿ. ವೆಂಕಟೇಶನ್ ಮುಂದಾಳಾದರು, ಪುಣೆ ವಿಶ್ವವಿದ್ಯಾಲಯದ ಸತೀಶ್ ಓಗಳೆ ಅದೇ ಹಾದಿಯಲ್ಲಿ ಕೆಲಸ ಮಾಡಿದರು.

ಮನುಷ್ಯ ಇಟ್ಟ ಪೊರೆ ಒಂದು ಬಗೆಯ ಸಂಧಿ, ಕಣದ ಗಡಿ ಇನ್ನೊಂದು ಬಗೆ. ಮೂರನೆಯದು ಹರಳಿನ ಮೈಯಲ್ಲೇ ಇತ್ತು. ಪದರ ಪದರವಾಗಿರುವ ಅತಿವಾಹಕದಲ್ಲಿ ಪ್ರತಿ ಎರಡು ಹಾಳೆಗಳ ನಡುವೆಯೂ ಒಂದೊಂದು ಜೋಸೆಫ್ಸನ್ ಸಂಧಿ ಇದೆಯೆಂದು ಲೆಕ್ಕ ಹಾಕಬಹುದು ಎಂದು ಲಾರೆನ್ಸ್ ಮತ್ತು ಡೋನಿಯಾಕ್ 1970ರ ಕ್ಯೋಟೊ ಸಮ್ಮೇಳನದಲ್ಲೇ ತೋರಿಸಿದ್ದರು. ಆಗ ಕೈಯಲ್ಲಿದ್ದದ್ದು ಕೆಲವು ಗಂಧಕದ ಸಂಯುಕ್ತಗಳಷ್ಟೆ. ಲೆಕ್ಕ ಪುಸ್ತಕದಲ್ಲಿ ಉಳಿಯಿತು. 1988ರ ಜನವರಿಯಲ್ಲಿ ಜಪಾನಿನ ಮಾಯೆದಾ ಬಿಸ್ಮತ್ ಇರುವ ತಾಮ್ರದ ಆಕ್ಸೈಡನ್ನು ಕಂಡುಹಿಡಿದಾಗ ಆ ಲೆಕ್ಕಕ್ಕೆ ತಕ್ಕ ವಸ್ತು ಸಿಕ್ಕಿತು. ಬೆಂಗಳೂರಿನಲ್ಲೂ ಅದೇ ವರ್ಷ ಬಿಸ್ಮತ್, ಥ್ಯಾಲಿಯಂ ಆಕ್ಸೈಡುಗಳ ಕೆಲಸ ಶುರುವಾಯಿತು. ಬಿಸ್ಮತ್ ಹರಳನ್ನು ಅಂಟುಪಟ್ಟಿ ಒತ್ತಿ ಎಳೆದರೆ ಕಾಗೆಬಂಗಾರದ ಹಾಗೆ ಹಾಳೆ ಹಾಳೆಯಾಗಿ ಏಳುತ್ತದೆ. ತಾಮ್ರದ ಒಂದು ಜೋಡಿ ಹಾಳೆಗೂ ಮುಂದಿನ ಜೋಡಿಗೂ ನಡುವೆ ಒಂದೂವರೆ ನ್ಯಾನೋಮೀಟರ್ ಅಂತರ. ಕೇಂಬ್ರಿಡ್ಜಿನ ಹುಡುಗ 1962ರಲ್ಲಿ ಕೇಳಿದ್ದ ಪೊರೆ ಇದೇ ದಪ್ಪದ್ದು.

ಮ್ಯೂನಿಕ್ ಬಳಿಯ ಗಾರ್ಷಿಂಗ್‌ನಲ್ಲಿ ರೈನ್‌ಹೋಲ್ಡ್ ಕ್ಲೈನರ್, ಪಾಲ್ ಮ್ಯುಲ್ಲರ್ ಮತ್ತವರ ಸಂಗಡಿಗರು 1992ರಲ್ಲಿ ಒಂದು ಪುಟ್ಟ ಬಿಸ್ಮತ್ ಹರಳಿನ ಮೇಲೊಂದು ಕೆಳಗೊಂದು ತಂತಿ ಹಚ್ಚಿ, ಹಾಳೆಗಳಿಗೆ ಅಡ್ಡವಾಗಿ ವಿದ್ಯುತ್ತು ಹಾಯಿಸಿದರು. ಹೆಚ್ಚಿಸುತ್ತ ಹೋದಂತೆ ವೋಲ್ಟೇಜು ಒಂದೇ ಸಮ ಏರಲಿಲ್ಲ. ಹಾರಿತು, ನಿಂತಿತು, ಮತ್ತೆ ಹಾರಿತು. ಪ್ರತಿ ಹಾರಿಕೆಯಲ್ಲೂ ಹಾಳೆಗಳ ನಡುವಿನ ಒಂದೊಂದು ಸಂಧಿ ಅತಿವಾಹಕತೆ ಕಳೆದುಕೊಂಡು ಸಾಮಾನ್ಯ ಸ್ಥಿತಿಗೆ ಬರುತ್ತಿತ್ತು. ಹರಳೊಂದು ನೂರಾರು ಸಂಧಿಗಳ ಅಟ್ಟಳೆ ಎಂಬುದನ್ನು ಅವರು ಹೀಗೆ ಒಂದೊಂದಾಗಿ ಎಣಿಸಿಯೇ ತೋರಿಸಿದರು. ಒಂದು ಮೈಕ್ರಾನು ದಪ್ಪದ ತುಣುಕಿನಲ್ಲಿ ಅಂಥ 600ಕ್ಕೂ ಹೆಚ್ಚು ಸಂಧಿಗಳು, ಎಲ್ಲವೂ ಪರಮಾಣುವಿನ ಮಟ್ಟದಲ್ಲಿ ಒಂದೇ ಅಳತೆಯವು. ಯಾವ ಕಾರ್ಖಾನೆಯೂ ಅಷ್ಟು ಸಮನಾಗಿ ಪೊರೆ ಇಡಲಾರದು. ಅವೆಲ್ಲ ಒಂದೇ ತಾಳದಲ್ಲಿ ಕಂಪಿಸಿದರೆ ಟೆರಾಹರ್ಟ್ಸ್ ಅಲೆ ಹೊರಡಬೇಕು. ರೇಡಿಯೋಗೂ ಅವಗೆಂಪಿಗೂ ನಡುವಿನ ಆ ಅಲೆಗಳನ್ನು ಹುಟ್ಟಿಸುವ ಸಾಧನಗಳು ಕಡಿಮೆ. ಅಮೆರಿಕದ ಆರ್ಗೋನ್ ಪ್ರಯೋಗಾಲಯದವರು ಜಪಾನಿನ ಸುಕುಬಾದವರೊಂದಿಗೆ ಸೇರಿ 2007ರಲ್ಲಿ ಅದನ್ನು ಸಾಧಿಸಿದರು. ಹೊರಬಂದದ್ದು 0.85 ಟೆರಾಹರ್ಟ್ಸ್‌ವರೆಗಿನ ಅಲೆ, ಒಂದು ವಾಟಿನ ಇಪ್ಪತ್ತು ಲಕ್ಷದ ಒಂದು ಭಾಗದಷ್ಟು ಶಕ್ತಿ.

ಗಾರ್ಷಿಂಗ್‌ನವರು ಸಂಧಿಗಳನ್ನು ಎಣಿಸುವ ಹೊತ್ತಿಗೇ ಆಂಡರ್ಸನ್ ತಮ್ಮ ಹಳೆಯ ಪ್ರಶ್ನೆಗೆ ಉತ್ತರ ಕಂಡುಕೊಂಡಿದ್ದರು. ಸಾಮಾನ್ಯ ಸ್ಥಿತಿಯಲ್ಲಿ ಒಂಟಿ ಎಲೆಕ್ಟ್ರಾನು ಹಾಳೆಯಿಂದ ಹಾಳೆಗೆ ಸುಸೂತ್ರವಾಗಿ ದಾಟಲಾರದು. ಅಳತೆಗಳೂ ಹಾಗೇ ಹೇಳುತ್ತಿದ್ದವು. ಜೋಡಿಯಾದರೆ ಜೋಸೆಫ್ಸನ್ ಹಾದಿಯಲ್ಲಿ ದಾಟಬಹುದು. ದಾಟುವ ಅವಕಾಶ ಸಿಕ್ಕರೆ ಶಕ್ತಿ ಉಳಿತಾಯ. ಹಾಗಾದರೆ ಎಲೆಕ್ಟ್ರಾನುಗಳು ಜೋಡಿಯಾಗುವುದೇ ದಾಟುವ ಸಲುವಾಗಿ ಏಕಿರಬಾರದು? ಇಷ್ಟು ಹೆಚ್ಚು ತಾಪದವರೆಗೆ ಅತಿವಾಹಕತೆ ನಿಲ್ಲಲು ಬೇಕಾದ ಶಕ್ತಿ ಹಾಳೆಗಳ ನಡುವಿನ ಸಂಧಿಯಿಂದಲೇ ಬರುತ್ತದೆ ಎಂದರು. 1988ರಲ್ಲಿ ಮೊಳೆತ ಈ ವಿಚಾರ 1993ರಲ್ಲಿ ಸುದೀಪ್ ಚಕ್ರವರ್ತಿ ಮುಂತಾದವರ ಜೊತೆ ‘ಸೈನ್ಸ್’ನಲ್ಲಿ ಪೂರ್ಣ ರೂಪ ಪಡೆಯಿತು. ಶಿಷ್ಯನ ಪರಿಣಾಮದ ಮೇಲೆ ಗುರು ತನ್ನ ಅತಿ ದೊಡ್ಡ ಪಣ ಒಡ್ಡಿದ್ದರು.

ಆ ಸಿದ್ಧಾಂತದ ಗುಣವೆಂದರೆ ಅದನ್ನು ಪರೀಕ್ಷಿಸಬಹುದಿತ್ತು. ಸಂಧಿಯ ಬಲ ಅಷ್ಟಿದ್ದರೆ, ಹಾಳೆಗಳ ನಡುವೆ ನುಸುಳುವ ಕಾಂತಕ್ಷೇತ್ರ ಒಂದು ಮೈಕ್ರಾನಿನ ಆಸುಪಾಸಿನಲ್ಲೇ ನಿಂತುಬಿಡಬೇಕು. ತಾಮ್ರದ ಹಾಳೆಗಳು ಜೋಡಿಯಾಗಿರದೆ ಒಂಟೊಂಟಿಯಾಗಿ, ಒಂದರಿಂದೊಂದು ಒಂದು ನ್ಯಾನೋಮೀಟರಿಗೂ ಹೆಚ್ಚು ದೂರವಿರುವ ಥ್ಯಾಲಿಯಂ ಹರಳು ಇದಕ್ಕೆ ತಕ್ಕ ಒರೆಗಲ್ಲು. ಕ್ಯಾಥ್ರಿನ್ ಮೋಲರ್, ಐಬಿಎಂನ ಜಾನ್ ಕರ್ಟ್ಲಿ ಮತ್ತು ಸಂಗಡಿಗರು ಆ ಹರಳಿನ ಅಂಚಿನ ಮೇಲೆ ಅತಿ ಸಣ್ಣ ಸ್ಕ್ವಿಡ್ಡನ್ನು ಸಾಲು ಸಾಲಾಗಿ ಓಡಿಸಿ ಚಿತ್ರ ತೆಗೆದರು. ಹಾಳೆಗಳ ನಡುವೆ ಸಿಕ್ಕಿಕೊಂಡ ಕಾಂತಕ್ಷೇತ್ರದ ಸುಳಿಗಳು, ಜೋಸೆಫ್ಸನ್ ಸುಳಿಗಳು ಎಂದೇ ಅವುಗಳ ಹೆಸರು, ಚಿತ್ರದಲ್ಲಿ ಉದ್ದುದ್ದ ಮಚ್ಚೆಗಳಾಗಿ ಮೂಡಿದವು. ಜೋಸೆಫ್ಸನ್ ಸಂಧಿಗಳಿಂದ ಮಾಡಿದ ಉಪಕರಣ ಜೋಸೆಫ್ಸನ್ ಸುಳಿಗಳನ್ನು ನೋಡಿ, ಜೋಸೆಫ್ಸನ್‌ಗೆ ಪಾಠ ಹೇಳಿದವರ ಸಿದ್ಧಾಂತವನ್ನು ತೂಗುತ್ತಿತ್ತು. 1998ರಲ್ಲಿ ಬಂದ ಉತ್ತರ: ಒಂದು ಮೈಕ್ರಾನು ಅಲ್ಲ, ಸುಮಾರು 20. ಬೆಳಕಿನ ಪ್ರತಿಫಲನದಿಂದ ಅಳೆದ ಡಚ್ ಬಳಗಕ್ಕೂ ಅದೇ ವರ್ಷ ಹೆಚ್ಚುಕಡಿಮೆ ಅಷ್ಟೇ ಬಂತು. ಶಕ್ತಿಯ ಲೆಕ್ಕಕ್ಕೆ ತಿರುಗಿಸಿದರೆ ಸಂಧಿಯ ಪಾಲು ಸಿದ್ಧಾಂತ ಕೇಳಿದ್ದಕ್ಕಿಂತ ನೂರಾರು ಪಟ್ಟು ಕಡಿಮೆ. ಜೋಡಿಗಳು ಹಾಳೆಯಿಂದ ಹಾಳೆಗೆ ದಾಟುತ್ತವೆ, ಆದರೆ ಅವು ಜೋಡಿಯಾದದ್ದು ದಾಟುವುದಕ್ಕಲ್ಲ.

ಆಂಡರ್ಸನ್ ಆ ಸಿದ್ಧಾಂತವನ್ನು ಕೈಬಿಟ್ಟು ಹಾಳೆಯೊಳಗಿನ ಮೊದಲ ಚಿತ್ರಕ್ಕೆ, ಬೆಂಗಳೂರಿನಲ್ಲಿ ಹೇಳಿದ್ದಕ್ಕೆ, ಹಿಂತಿರುಗಿದರು. 2020ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಬಿಡಲಿಲ್ಲ. ಹಾಳೆಯೊಳಗೆ ಜೋಡಿ ಕಟ್ಟುವ ಬಲ ಯಾವುದೆಂಬ ವಿವಾದ ಇಂದಿಗೂ ತೀರಿಲ್ಲ. ಸೋತ ಸಿದ್ಧಾಂತವೆಂದು 1993ರ ಆ ಲೇಖನವನ್ನು ಮೂಲೆಗೆ ತಳ್ಳುವವರಿದ್ದಾರೆ. ನಾನು ಹಾಗೆ ಮಾಡಲಾರೆ. ಹಾಳೆಗಳ ನಡುವಿನ ಸಂಧಿಯನ್ನು ಅಷ್ಟು ಸೂಕ್ಷ್ಮವಾಗಿ ಅಳೆಯಬೇಕೆಂಬ ಹಟ ಹುಟ್ಟಿದ್ದೇ ಅದರಿಂದ.

ಬೆಂಗಳೂರಿನ ಬಳಗ ನಿಧಾನವಾಗಿ ಚೆದುರಿತು. ರಾವ್ 1989ರಲ್ಲಿ ಜಕ್ಕೂರಿನ ನೆಹರೂ ಕೇಂದ್ರಕ್ಕೆ ಅಡಿಪಾಯ ಹಾಕಿದರು. ಗಂಗೂಲಿ ಮುಂದೆ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯಕ್ಕೆ ಹೋದರು. ಆಂಡರ್ಸನ್ ಜೊತೆ 1979ರಲ್ಲೇ ಕೆಲಸ ಮಾಡಿ ಹೆಸರಾಗಿದ್ದ ಟಿ.ವಿ. ರಾಮಕೃಷ್ಣನ್, ರಾವ್ ಜೊತೆಗೂಡಿ ವಿದ್ಯಾರ್ಥಿಗಳಿಗೆಂದು ಅತಿವಾಹಕತೆಯ ಒಂದು ಪುಸ್ತಕ ಬರೆದರು. 1992ರಲ್ಲಿ ಬಂದ ಅದನ್ನು ಓದಿ ಈ ಕ್ಷೇತ್ರಕ್ಕೆ ಕಾಲಿಟ್ಟವರು ದೇಶದ ಹಲವು ಕಡೆ ಇದ್ದಾರೆ.

ಸಂಧಿಗಳ ಕೆಲಸ ಈಗ ಬೇರೆ ಕೈಗಳಲ್ಲಿದೆ. ಪುಣೆಯಲ್ಲಿರುವ ಡಿಆರ್‌ಡಿಒದ ಯುವವಿಜ್ಞಾನಿಗಳ ಕ್ವಾಂಟಂ ಪ್ರಯೋಗಾಲಯ ಮತ್ತು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಸೇರಿ ಆರು ಕ್ಯೂಬಿಟ್‌ಗಳ ಒಂದು ಕ್ವಾಂಟಂ ಪ್ರೊಸೆಸರನ್ನು 2024ರ ಆಗಸ್ಟಿನಲ್ಲಿ ಪರೀಕ್ಷಿಸಿ ಮುಗಿಸಿದವು. ಅದರ ಹೃದಯದಲ್ಲಿರುವುದು ಹಳೆಯ ಬಗೆಯ, ಮನುಷ್ಯ ಇಟ್ಟ ಪೊರೆಯ ಜೋಸೆಫ್ಸನ್ ಸಂಧಿ. ಪರಮಶೂನ್ಯಕ್ಕಿಂತ ಒಂದು ಡಿಗ್ರಿಯ ನೂರರಲ್ಲಿ ಕೆಲವೇ ಭಾಗದಷ್ಟು ಮೇಲೆ ಅದು ಕೆಲಸ ಮಾಡುತ್ತದೆ. ಅದೇ ವರ್ಷ ಅದೇ ಮುಂಬಯಿ ಸಂಸ್ಥೆಯಿಂದ ಪದರದ ಅತಿವಾಹಕದ ಸುದ್ದಿಯೂ ಬಂತು. ಮಂದಾರ್ ದೇಶಮುಖ್ ಅವರ ಬಳಗ ಬಿಸ್ಮತ್ ಹರಳಿನ ತೆಳು ತುಣುಕೊಂದನ್ನು ಸೀಳಿ, ಒಂದರ ಮೇಲೊಂದನ್ನು ತಿರುಚಿ ಕೂರಿಸಿತ್ತು. ಹಾಗೆ ಹುಟ್ಟಿದ ಸಂಧಿ ಕಾಂತಕ್ಷೇತ್ರದಲ್ಲಿಟ್ಟಾಗ ಒಂದು ದಿಕ್ಕಿಗೆ ತಡೆಯಿಲ್ಲದೆ ವಿದ್ಯುತ್ತು ಬಿಡುತ್ತದೆ, ಎದುರು ದಿಕ್ಕಿಗೆ ಅಷ್ಟೇ ವಿದ್ಯುತ್ತನ್ನು ಹಾಗೆ ಬಿಡುವುದಿಲ್ಲ. ಅತಿವಾಹಕದ ಆ ಡಯೋಡು 77 ಕೆಲ್ವಿನ್ನಿನವರೆಗೂ ಕೆಲಸ ಮಾಡಿತು.